ಬೇರಿನ ಬಾಗಿಲಲ್ಲಿ ಕೈನೇಸ್

ಆದೋನಿ ಸೀಮೆಯ ಎರೆಹೊಲದಲ್ಲಿ ಹತ್ತಿ ಬೆಳೆಯುವ ಮನೆತನ ನಮ್ಮದು. ಸಾರಜನಕ ಸಾಲದಾದಾಗ ಗಿಡದ ಕೆಳಗಿನ ಎಲೆಗಳೇ ಮೊದಲು ಹಳದಿಯಾಗುತ್ತವೆ. ಹಳೆಯ ಎಲೆಯಲ್ಲಿದ್ದುದನ್ನು ಗಿಡ ಚಿಗುರಿಗೆ ಸಾಗಿಸುತ್ತದೆ. "ಇನ್ನೊಂದು ಚೀಲ ಯೂರಿಯಾ ಚೆಲ್ಲಪ್ಪಾ" ಅನ್ನುತ್ತಾರೆ ಹಿರಿಯರು. ಚೆಲ್ಲಿದ್ದು ಬೇರಿನೊಳಗೆ ಹೋಗುವ ಬಗೆಯನ್ನೂ ನಾವು ತಿಳಿಯಬೇಕು.

ಮಣ್ಣಿನಲ್ಲಿ ಯೂರಿಯಾ ಮೊದಲು ಅಮೋನಿಯಂ ಆಗಿ, ಆಮೇಲೆ ಸೂಕ್ಷ್ಮಜೀವಿಗಳಿಂದ ನೈಟ್ರೇಟ್ ಆಗುತ್ತದೆ. ನೈಟ್ರೇಟ್ ಒಳಬರಲು ಬೇರಿನ ಜೀವಕೋಶದ ಪೊರೆಯಲ್ಲಿ ಎನ್‌ಆರ್‌ಟಿ1.1 ಎಂಬ ಪ್ರೋಟೀನೇ ಒಂದು ಬಾಗಿಲು. ಮಣ್ಣಿನಲ್ಲಿ ನೈಟ್ರೇಟ್ ಕಡಿಮೆಯಾದಾಗ ಸಿಐಪಿಕೆ23 ಎಂಬ ಕೈನೇಸ್, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವ, ಆ ಪ್ರೋಟೀನಿನ 101ನೇ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಅಂಟಿಸುತ್ತದೆ. ಅಷ್ಟರಿಂದಲೇ ಆ ಬಾಗಿಲು ಅತ್ಯಲ್ಪ ನೈಟ್ರೇಟನ್ನೂ ಬಿಗಿಯಾಗಿ ಹಿಡಿದು ಒಳಗೆಳೆಯುತ್ತದೆ. ನೈಟ್ರೇಟ್ ಹೇರಳವಾಗಿದ್ದರೆ ಫಾಸ್ಫೇಟ್ ಇಲ್ಲದ ರೂಪವೇ ಸಾಕು.

ಸಾಸಿವೆ ಕುಟುಂಬದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಈ ಕೈನೇಸಿನ ಪಾತ್ರವನ್ನು 2009ರಲ್ಲಿ ತೈವಾನಿನ ಯಿ-ಫಾಂಗ್ ತ್ಸಾಯ್ ಅವರ ತಂಡ ತೋರಿಸಿತು. ಪೊಟ್ಯಾಶ್ ಕೊರತೆಯಾದಾಗ ಇದೇ ಕೈನೇಸ್ ಎಕೆಟಿ1 ಎಂಬ ಪೊಟ್ಯಾಸಿಯಂ ದಾರಿಯನ್ನು ತೆರೆಯುತ್ತದೆಂದು 2006ರಲ್ಲೇ ಗೊತ್ತಾಗಿತ್ತು. ಹತ್ತಿಯಲ್ಲೂ ಈ ವಂಶದ ಕೈನೇಸುಗಳಿವೆ.

ಕೈನೇಸ್ ಎಷ್ಟೇ ಚುರುಕಾಗಿದ್ದರೂ ನೈಟ್ರೇಟ್ ಬೇರಿನ ತನಕ ಬರುವುದು ನೀರಿನ ಜೊತೆಗೇ. ಒಣಗಿ ಬಿರಿದ ಎರೆಯಲ್ಲಿ ಗೊಬ್ಬರ ಸುರಿದರೆ ದುಡ್ಡು ದಂಡ. ಮಳೆ ಬಿದ್ದು ಹದವಾದಾಗ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು ಹರಿದಾಗ, ಕಂತು ಕಂತಾಗಿ ಕೊಡಿ.