ಎದುರಾಳಿ ಕಾಪಿಟ್ಟ ಗ್ರಂಥ

ಮೈ ಜುಮ್ಮೆನ್ನುತ್ತದೆ! ಕ್ರೈಸ್ತರ ನಂಬಿಕೆಯ ಬುಡ ಅಲುಗಾಡಿಸಲೆಂದೇ ಬರೆದ ಅರಬ್ಬಿ ಗ್ರಂಥವೊಂದು ಇವತ್ತು ಓದಲು ಸಿಗುತ್ತಿರುವುದು ಯಾರಿಂದ ಗೊತ್ತೇ? ಒಬ್ಬ ಕ್ರೈಸ್ತನಿಂದ!

9ನೇ ಶತಮಾನದಲ್ಲಿ ಅದನ್ನು ಬರೆದವನು ಅಬು ಈಸಾ ಅಲ್-ವರ್ರಾಕ್. ಸ್ವಂತ ಧರ್ಮದವರಾದ ಮುಸ್ಲಿಮರೇ ಅವನನ್ನು ಅನುಮಾನಿಸಿದರು. ಮೂಲ ಪ್ರತಿ ಮುಂದೆಂದೋ ಕಳೆದೇ ಹೋಯಿತು. ಆದರೆ ಅದಕ್ಕೆ ಮುಂಚೆಯೇ, 10ನೇ ಶತಮಾನದಲ್ಲಿ, ಬಾಗ್ದಾದಿನ ಸಿರಿಯನ್ ಕ್ರೈಸ್ತ ತತ್ತ್ವಜ್ಞಾನಿ ಯಹ್ಯಾ ಇಬ್ನ್ ಅದಿ (893–974) ಅದಕ್ಕೆ ಉತ್ತರ ಬರೆಯಲು ಕೂತ. ತನಗೆ ಅನುಕೂಲವಾದ ಸಾಲುಗಳನ್ನಷ್ಟೇ ಹೆಕ್ಕಿಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ! ಎದುರಾಳಿಯ ಮಾತನ್ನು ಭಾಗ ಭಾಗವಾಗಿ ಬರೆದುಕೊಂಡು, ಒಂದೊಂದರ ಕೆಳಗೂ ತನ್ನ ಉತ್ತರವಿಟ್ಟ. ಖಂಡನೆಯ ಮಡಿಲಲ್ಲೇ ಖಂಡನೆಗೊಳಗಾದ ಗ್ರಂಥ ಸಾವಿರ ವರ್ಷ ಬದುಕಿತು.

ಇನ್ನು ಆ ಪ್ರಶ್ನೆಗಳೋ! ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಮೂವರೂ ಒಂದೇ ಆಗಿದ್ದರೆ ಮಗನೊಬ್ಬನು ಮಾತ್ರ ಮನುಷ್ಯನಾದದ್ದು ಹೇಗೆ? ಶಿಲುಬೆಯಲ್ಲಿ ನೊಂದವನು ದೇವರೋ, ಬರೀ ಮನುಷ್ಯನೋ? ದೇವರೇ ಎಂದರೆ ಅನಾದಿಗೆ ಸಾವು ಬಂದಂತಾಯಿತು; ಮನುಷ್ಯ ಎಂದರೆ ಯೇಸುವಿನಲ್ಲಿ ದೇವರೂ ಮನುಷ್ಯನೂ ಒಂದಾದರೆಂಬ ಮಾತು ಎಲ್ಲಿ ನಿಂತೀತು? ಕನ್ನಡಿಯೊಳಗಿನ ಮುಖದಂತೆ, ಮಣ್ಣಿಗೊತ್ತಿದ ಮುದ್ರೆಯಂತೆ ಎಂದು ಈ ಒಂದಾಗುವಿಕೆಗೆ ಕ್ರೈಸ್ತರು ಕೊಡುತ್ತಿದ್ದ ಹೋಲಿಕೆಗಳನ್ನೂ ವರ್ರಾಕ್ ಬಿಡಿಸಿ ಬಿಡಿಸಿ ನೋಡುತ್ತಾನೆ. (ಅವತಾರವೆಂದೊಡನೆ ನಮಗೆ ಹತ್ತು ನೆನಪಾಗುತ್ತವೆ. ಇಲ್ಲಿರುವುದು ಒಂದೇ ಒಂದು, ಒಮ್ಮೆ ಮಾತ್ರ.) ಈ ಪ್ರಶ್ನೆಗಳ ಹಿಂದಿರುವುದು ಇಸ್ಲಾಮಿನ ದೇವರ ಕಲ್ಪನೆ. ಕುರ್‌ಆನಿನ 112ನೇ ಅಧ್ಯಾಯ ಹೇಳುವ ದೇವರು ‘ಸಮದ್’: ಅವನಿಗೆ ಯಾರ ಹಂಗೂ ಇಲ್ಲ, ಎಲ್ಲರಿಗೂ ಅವನೇ ಆಸರೆ. ಅಂಥ ಪರಿಪೂರ್ಣನಿಗೆ ಹುಟ್ಟೇಕೆ, ಹಸಿವೇಕೆ?

ಆಮೇಲೆ ಯಹ್ಯಾನ ಇನ್ನೊಂದು ಪ್ರಬಂಧ ಓದಿ, ಉಸಿರು ಹಿಡಿದು! ಅವನೂ ಹೊರಡುವುದು ಅದೇ ಪರಿಪೂರ್ಣತೆಯಿಂದ. ದೇವರು ಪರಮ ಉದಾರಿ ತಾನೇ? ಪರಮ ಉದಾರಿ ಕೊಡುವುದು ಅತ್ಯುತ್ತಮವಾದದ್ದನ್ನೇ. ಇರುವುದರಲ್ಲೆಲ್ಲ ಅತ್ಯುತ್ತಮ ಯಾವುದು? ದೇವರೇ! ಹಾಗಾದರೆ ಅವನು ತನ್ನನ್ನೇ ಕೊಟ್ಟುಕೊಳ್ಳದೆ ಇರಲಾರ. ಪೂರ್ಣನಾದ್ದರಿಂದಲೇ ಇಳಿದು ಬರಲಾರನೆಂದು ಒಬ್ಬ, ಪೂರ್ಣನಾದ್ದರಿಂದಲೇ ಬಾರದೆ ಇರಲಾರನೆಂದು ಇನ್ನೊಬ್ಬ! ಇಬ್ಬರೂ ಕಾಲೂರಿದ ನೆಲ ಒಂದೇ ಎಂದು ಹೊಳೆದಾಗ ನಾನು ಪುಸ್ತಕ ಮಡಚಿಟ್ಟು ಸುಮ್ಮನೆ ಕೂತುಬಿಟ್ಟೆ.

ಕಸುಬೂ ಒಂದೇ ಇರಬೇಕು. ವರ್ರಾಕ್ ಎಂದರೆ ಕಾಗದ-ಪುಸ್ತಕದ ಕೆಲಸದವನು. ಯಹ್ಯಾನೂ ಗ್ರಂಥಗಳ ಪ್ರತಿ ಬರೆಯುತ್ತಿದ್ದವನು. ಎಷ್ಟು ಬರೆಯುತ್ತೀರಪ್ಪಾ ಎಂದು ಪುಸ್ತಕದ ವ್ಯಾಪಾರಿ ಇಬ್ನ್ ಅಲ್-ನದೀಮ್ ಆಕ್ಷೇಪಿಸಿದಾಗ ಆತ ಹೇಳಿದನಂತೆ: ತಬರಿಯ ಬೃಹತ್ ಕುರ್‌ಆನ್ ವ್ಯಾಖ್ಯಾನವನ್ನೇ ಎರಡು ಸಲ ಕೈಯಾರೆ ಬರೆದು ಗಡಿನಾಡಿನ ದೊರೆಗಳಿಗೆ ಮುಟ್ಟಿಸಿದ್ದೇನೆ. ಹಗಲು-ರಾತ್ರಿ ಸೇರಿ ದಿನಕ್ಕೆ 100 ಹಾಳೆ. ಅದೂ ಕಡಿಮೆಯೇ ಎನಿಸುತ್ತದೆ!