ಹವಳದ ನಾಡು ಬಾರ್ಬಡೋಸ್

ಕೆರಿಬಿಯನ್ ದ್ವೀಪಮಾಲೆಯ ಪೂರ್ವದ ಅಂಚಿನಲ್ಲಿ, ಉಳಿದ ದ್ವೀಪಗಳಿಂದ ತುಸು ದೂರ ಸರಿದು ನಿಂತಿರುವ ಪುಟ್ಟ ನಾಡು ಬಾರ್ಬಡೋಸ್. ಇದರ ಉದ್ದ ಸುಮಾರು 34 ಕಿಲೋಮೀಟರು. ನೆರೆಯ ದ್ವೀಪಗಳಲ್ಲಿ ಅನೇಕವು ಜ್ವಾಲಾಮುಖಿಗಳಿಂದ ಹುಟ್ಟಿದವು. ಈ ದ್ವೀಪದ ಬಹುಭಾಗವನ್ನಾದರೋ ಹವಳದ ಸುಣ್ಣಕಲ್ಲು ಹೊದಿಸಿದೆ.

ಪಶ್ಚಿಮ ತೀರದಲ್ಲಿ ಕಡಲು ಸೌಮ್ಯ, ನೀರು ತಿಳಿ. ಪ್ರವಾಸಿಗರು ಹೆಚ್ಚಾಗಿ ತಂಗುವುದು ಇಲ್ಲಿಯೇ. ಪೂರ್ವ ತೀರದ ಬಗೆಯೇ ಬೇರೆ. ಆಫ್ರಿಕದ ದಿಕ್ಕಿನಿಂದ ತಡೆಯಿಲ್ಲದೆ ಬರುವ ಅಟ್ಲಾಂಟಿಕ್ ಸಾಗರದ ಅಲೆಗಳು ಬಾತ್‌ಷೀಬ ಎಂಬಲ್ಲಿ ಹೆಬ್ಬಂಡೆಗಳ ಬುಡವನ್ನು ಕೊರೆದು ಅವುಗಳಿಗೆ ಅಣಬೆಯ ಆಕಾರವನ್ನು ಕೊಟ್ಟಿವೆ. ಹಲಗೆಯ ಮೇಲೆ ನಿಂತು ಅಲೆಯೇರುವ ಸಾಹಸಿಗಳಿಗೆ ಈ ತಾಣ ಬಲು ಪ್ರಿಯ. ಈಜುವವರಿಗೆ ಮಾತ್ರ ಅಪಾಯಕರ.

ಒಳನಾಡಿನಲ್ಲಿ ಮಳೆನೀರು ಸುಣ್ಣಕಲ್ಲನ್ನು ಕರಗಿಸಿ ಹ್ಯಾರಿಸನ್ ಗುಹೆಯನ್ನು ನಿರ್ಮಿಸಿದೆ. 1981ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಗುಹೆಯೊಳಗೆ ಟ್ರಾಮಿನಲ್ಲಿ ಕುಳಿತು ಸಾಗಬಹುದು. ಇದೇ ಕಲ್ಲಿನಲ್ಲಿ ಇಂಗಿ ಸೋಸಿಹೋಗುವ ನೀರೇ ದ್ವೀಪದ ಜನರ ಬಾಯಾರಿಕೆಯನ್ನು ತಣಿಸುತ್ತದೆ.

ಪಶ್ಚಿಮದ ಬಿಳಿಯ ಮರಳಿನ ಜನ್ಮವೃತ್ತಾಂತ ಇನ್ನೂ ಸ್ವಾರಸ್ಯಕರ. ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲುಗಳಿಂದ ಪಾಚಿಯನ್ನು ಕೆರೆದು ತಿನ್ನುವಾಗ ಹವಳದ ಚೂರುಗಳನ್ನೂ ನುಂಗುತ್ತದೆ. ಅರಗದ ಸುಣ್ಣವು ನುಣ್ಣಗೆ ಅರೆಯಲ್ಪಟ್ಟು ಮರಳಾಗಿ ಹೊರಬೀಳುತ್ತದೆ. ಪ್ರವಾಸಿಯು ಮೈಚಾಚಿ ಮಲಗುವ ಹಾಸಿಗೆಯಲ್ಲಿ ಮೀನಿನ ಪಾಲೂ ಉಂಟು! ಈ ಮೀನನ್ನು ಮಿತಿಮೀರಿ ಹಿಡಿದರೆ ಪಾಚಿ ಬೆಳೆದು ಹವಳವನ್ನು ಮುಚ್ಚುತ್ತದೆ. 2005ರಲ್ಲಿ ಕಡಲು ಅತಿಯಾಗಿ ಕಾದಾಗ ಕೆರಿಬಿಯನ್ನಿನ ಇತರೆಡೆಗಳಂತೆ ಇಲ್ಲಿಯೂ ಹವಳಗಳು ಬಿಳಿಚಿಕೊಂಡವು. ಹವಳದಿಬ್ಬ ಅಳಿದು ಕುಸಿದರೆ ಅಲೆಗಳ ರಭಸವನ್ನು ತಡೆಯುವ ಗೋಡೆಯೂ ಇರದು, ಕೊಚ್ಚಿಹೋದ ಮರಳನ್ನು ಮರಳಿ ತುಂಬುವ ಕಣಜವೂ ಇರದು.