ಹೊಕ್ಕಿಯೆನ್ ನುಡಿಯ ‘ಉಂಟು’ ಮತ್ತು ‘ಇಲ್ಲ’

ಹೋಗಲಿಲ್ಲ, ಹೋಗಲೊಲ್ಲೆ, ಹೋಗಲಾರೆ. ಮೂರೂ ನಿಷೇಧಗಳೇ. ಆದರೆ ಮೊದಲನೆಯದು ನಡೆಯದ ಸಂಗತಿಯನ್ನು ತಿಳಿಸುತ್ತದೆ, ಎರಡನೆಯದು ಮನಸ್ಸಿಲ್ಲವೆಂಬುದನ್ನು, ಮೂರನೆಯದು ಆಗದೆಂಬುದನ್ನು. ನಮ್ಮ ಮಕ್ಕಳು ವ್ಯಾಕರಣ ಪಾಠಕ್ಕೆ ಮುನ್ನವೇ ಈ ಭೇದವನ್ನು ಬಲ್ಲರು. ಕನ್ನಡಕ್ಕೆ ಯಾವ ನಂಟೂ ಇಲ್ಲದ ಹೊಕ್ಕಿಯೆನ್ ನುಡಿಯಲ್ಲಿಯೂ ಇದೇ ಭೇದ ಸಹಾಯಕ ಕ್ರಿಯಾಪದಗಳಲ್ಲಿ ಕಾಣುತ್ತದೆ.

ಹೊಕ್ಕಿಯೆನ್ ಚೀನಾದ ಫೂಜಿಯನ್ ಪ್ರಾಂತ್ಯದ ದಕ್ಷಿಣ ಭಾಗದ ನುಡಿ. ವಲಸೆಗಾರರೊಡನೆ ಅದು ತೈವಾನ್, ಪಿನಾಂಗ್, ಸಿಂಗಪುರ, ಫಿಲಿಪ್ಪೀನ್ಸ್‌ಗಳಿಗೂ ಹೋಯಿತು. ಅದರಲ್ಲಿ ಕ್ರಿಯಾಪದವು ಕಾಲ, ಲಿಂಗ, ವಚನಗಳಿಗೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ಖೀ’ ಎಂದರೆ ಹೋಗು. ಯಾರು ಹೋದರೂ, ಎಂದು ಹೋದರೂ ‘ಖೀ’. ಆದುದರಿಂದ ಅರ್ಥದ ಹೆಚ್ಚಿನ ಭಾರವನ್ನು ಸಹಾಯಕ ಪದಗಳೇ ಹೊರುತ್ತವೆ. ಕನ್ನಡದಲ್ಲಿ ಅವು ಮುಖ್ಯ ಕ್ರಿಯೆಯ ಬೆನ್ನಿಗೆ ಅಂಟಿ ಬಂದರೆ, ಅಲ್ಲಿ ಕ್ರಿಯೆಗೆ ಮೊದಲೇ ಬಂದು ನಿಲ್ಲುತ್ತವೆ.

‘ಗ್ವಾ ಬೋ ಖೀ’ ಎಂದರೆ ನಾನು ಹೋಗಲಿಲ್ಲ. ‘ಗ್ವಾ ಮ್ ಖೀ’ ಎಂದರೆ ಹೋಗಲೊಲ್ಲೆ. ‘ಗ್ವಾ ಬೇ-ತಂಗ್ ಖೀ’ ಎಂದರೆ ಹೋಗಲಾರೆ. (ಪ, ಫ, ಬ ಮೂರನ್ನೂ ಬೇರೆಬೇರೆಯಾಗಿ ಉಚ್ಚರಿಸುವ ಈ ನುಡಿಗೆ ಕನ್ನಡ ಲಿಪಿ ಚೆನ್ನಾಗಿಯೇ ಒಗ್ಗುತ್ತದೆ, ಸ್ವರದ ಏರಿಳಿತವನ್ನು ಮಾತ್ರ ಅದು ತೋರಿಸಲಾರದು.)

ಇವುಗಳಲ್ಲಿ ‘ಬೋ’ ಎಂಬುದು ನಮ್ಮ ‘ಇಲ್ಲ’ವೇ. ಅದರ ಜೊತೆಯ ಪದ ‘ಊ’, ಅಂದರೆ ‘ಉಂಟು’. ಹಣ ಉಂಟು ಎನ್ನುವುದಕ್ಕೂ ‘ಊ’, ಹೋದದ್ದುಂಟು ಎನ್ನುವುದಕ್ಕೂ ‘ಊ’: ‘ಗ್ವಾ ಊ ಖೀ’. ಕೇಳುವಾಗ ಎರಡನ್ನೂ ಕ್ರಿಯೆಯ ಇಕ್ಕೆಲಗಳಲ್ಲಿರಿಸಿ ‘ಲೀ ಊ ಖೀ ಬೋ?’ ಎನ್ನುತ್ತಾರೆ, ನೀನು ಹೋದದ್ದುಂಟೋ ಇಲ್ಲವೋ? ಉತ್ತರವೂ ‘ಊ’ ಇಲ್ಲವೇ ‘ಬೋ’. ‘ಉಂಟು’ ನಿತ್ಯದ ಮಾತಾಗಿರುವ ಕಾಸರಗೋಡಿನ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ಏ’ ಎಂಬುದು ಸಾಧ್ಯತೆಯ ಪದ. ಅದರ ನಿಷೇಧ ‘ಬೇ’. ಕಲಿತು ಬಲ್ಲೆನೆಂಬುದಕ್ಕೆ ‘ಏ-ಹ್ಯಾವ್’, ಪರಿಸ್ಥಿತಿ ಅನುಕೂಲವಾಗಿದೆ ಎಂಬುದಕ್ಕೆ ‘ಏ-ತಂಗ್’, ಅಪ್ಪಣೆ ಉಂಟೆಂಬುದಕ್ಕೆ ‘ಏ-ಸಾಯ್’. ಈಜು ಕಲಿತ ಹುಡುಗನಿಗೆ ಮೊದಲನೆಯದು ಸಲ್ಲುತ್ತದೆ. ಜ್ವರ ಬಂದ ದಿನ ಎರಡನೆಯದು ತಪ್ಪುತ್ತದೆ, ತಾಯಿ ಬೇಡವೆಂದರೆ ಮೂರನೆಯದು. ಊರಿಂದ ಊರಿಗೆ ಈ ಗೆರೆಗಳು ಸ್ವಲ್ಪ ಸರಿಯುವುದೂ ಉಂಟು.

ಇಚ್ಛೆಗೆ ‘ಬೆ’ ಎಂಬ ಪದವಿದೆ. ಮಳೆ ಬರುವ ಹಾಗಿದೆ ಎನ್ನಲೂ ಅದೇ ಬೇಕು, ಮೋಡಕ್ಕೂ ಮನಸ್ಸಿದ್ದಂತೆ!

1945ರ ನಂತರ ತೈವಾನಿನ ಶಾಲೆಗಳಲ್ಲಿ ಮ್ಯಾಂಡರಿನ್ ಒಂದೇ ಕಲಿಕೆಯ ಭಾಷೆಯಾಯಿತು. ಮನೆಮಾತಾಡಿದ ಮಕ್ಕಳಿಗೆ ದಂಡ ಹಾಕುತ್ತಿದ್ದರು, ಕೊರಳಿಗೆ ಹಲಗೆ ತೂಗಹಾಕುತ್ತಿದ್ದರು. ಸೇನಾಡಳಿತದ ಕಾಯಿದೆ ತೆರವಾದದ್ದು 1987ರಲ್ಲಿ. ಪ್ರಾಥಮಿಕ ಶಾಲೆಗಳಲ್ಲಿ ಮನೆಮಾತಿನ ಪಾಠ 2001ರಲ್ಲಿ ಕಡ್ಡಾಯವಾಯಿತು, ಅದೂ ವಾರಕ್ಕೊಂದು ಅವಧಿ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಮೊಮ್ಮಕ್ಕಳಿಗೆ ಅರ್ಥವಾಗುತ್ತಿತ್ತು, ಮರುಮಾತು ಮಾತ್ರ ಮ್ಯಾಂಡರಿನ್‌ನಲ್ಲಿ ಬರುತ್ತಿತ್ತು.

ಆದರೆ ಆ ಮ್ಯಾಂಡರಿನ್ ಬೀಜಿಂಗಿನದರಂತೆ ಉಳಿಯಲಿಲ್ಲ. ‘ನಾನು ಹೋದೆ’ ಎನ್ನಲು ಶಿಷ್ಟ ಮ್ಯಾಂಡರಿನ್ ಕ್ರಿಯೆಯ ನಂತರ ‘ಲ’ ಎಂಬ ಪ್ರತ್ಯಯವನ್ನು ಬೇಡುತ್ತದೆ. ತೈಪೆಯ ಬೀದಿಯಲ್ಲಿ ಜನ ಕ್ರಿಯೆಗೆ ಮೊದಲು ‘ಉಂಟು’ ಎಂಬರ್ಥದ ಪದವಿರಿಸಿ, ‘ವೊ ಯೋ ಛ್ಯೂ’ ಎನ್ನುತ್ತಾರೆ. ಪದಗಳು ಮೂರೂ ಮ್ಯಾಂಡರಿನ್. ಜೋಡಣೆ ‘ಗ್ವಾ ಊ ಖೀ’ಯದು.